ಷೆಂಗೆನ್ ವೀಸಾ: ಏಜೆಂಟರು ಪೂರ್ತಿ ವಿಷಯ ಹೇಳಲಿ

ಸಂಪಾದಕರಿಗೆ ನಮಸ್ಕಾರ.

ಯುರೋಪಿನಲ್ಲಿರುವ ಮಕ್ಕಳನ್ನು ನೋಡಲು ಹೊರಡುವ ನನ್ನಂಥ ಅಪ್ಪ-ಅಮ್ಮಂದಿರಿಗೆ, ಅವರಿಗೆ ವೀಸಾ ಮಾಡಿಸಿಕೊಡುವ ಏಜೆಂಟರಿಗೆ ಒಂದು ವಿಷಯ ಹೇಳಬೇಕಿದೆ.

ಕಳೆದ ವರ್ಷ ನಾನು, ನನ್ನ ಹೆಂಡತಿ ನೆದರ್‌ಲ್ಯಾಂಡ್ಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. "ಷೆಂಗೆನ್ ವೀಸಾ ಒಂದಿದ್ರೆ ಸಾಕು ಸಾರ್, ಎಲ್ಲಿ ಬೇಕಾದ್ರೂ ಓಡಾಡಬಹುದು" ಅಂತ ಏಜೆಂಟ್ ಹೇಳಿದ್ದರು. ಷೆಂಗೆನ್ ಅಂದರೆ ತಮ್ಮ ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಮಾಡದ ಯುರೋಪಿನ ದೇಶಗಳ ಗುಂಪು, ಅಲ್ಲೆಲ್ಲ ಒಂದೇ ವೀಸಾ ನಡೆಯುತ್ತದೆ. ಬ್ರಿಟನ್ ಆ ಗುಂಪಿನಲ್ಲಿಲ್ಲ ಅಂತ ಗೊತ್ತಿತ್ತು, ಅದಕ್ಕೆ ಬೇರೆ ವೀಸಾನೂ ಮಾಡಿಸಿದ್ದೆವು. ಆಮ್‌ಸ್ಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಲಂಡನ್‌ಗೆ ಹೋಗಿ, ನಾಲ್ಕು ದಿನ ಇದ್ದು ಮಗಳ ಮನೆಗೇ ವಾಪಸ್ ಬರೋಣ ಅಂತ ಟಿಕೆಟ್ ತೆಗೆದಾಗಿತ್ತು. ಹೊರಡುವ ಹಿಂದಿನ ರಾತ್ರಿ ಮಗಳು ಪಾಸ್‌ಪೋರ್ಟ್ ತಿರುವಿ ನೋಡಿದರೆ, ವೀಸಾ ಸ್ಟಿಕ್ಕರ್‌ನಲ್ಲಿ ಎಂಟ್ರಿ ಎಷ್ಟು ಅನ್ನುವ ಕಡೆ '01' ಅಂತಿದೆ. ಒಳಗೆ ಬರಲು ಒಂದೇ ಸಲ ಅವಕಾಶ, ಅದು ನಾವು ಬಂದಿಳಿದ ದಿನವೇ ಮುಗಿದಿತ್ತು. ಲಂಡನ್‌ಗೆ ಹೋದರೆ ಮತ್ತೆ ಮಗಳ ಮನೆಗೆ ಬರುವಂತಿಲ್ಲ. ಹೋಗಲಿಲ್ಲ. ಟಿಕೆಟ್ ದುಡ್ಡೂ ಹೋಯಿತು, ಬ್ರಿಟನ್ ವೀಸಾ ದುಡ್ಡೂ ಹೋಯಿತು.

ಅರ್ಜಿ ಫಾರಂನಲ್ಲಿ ಒಂದು ಎಂಟ್ರಿ ಬೇಕೋ, ಎರಡೋ, ಹಲವು ಸಲವೋ ಅಂತ ಕೇಳಿರುತ್ತಾರೆ. ನಮ್ಮದರಲ್ಲಿ ಒಂದಕ್ಕೇ ಟಿಕ್ ಹಾಕಿದ್ದರು. ನಾವು ಓದದೆ ಸಹಿ ಹಾಕಿದ್ದೆವು, ಅದು ನಮ್ಮ ತಪ್ಪು. ಆದರೆ ಲಂಡನ್‌ಗೂ ಹೋಗ್ತೀವಿ ಅಂತ ಗೊತ್ತಿದ್ದವರು ಒಂದು ಮಾತು ಕೇಳಬೇಕಿತ್ತು ಅಲ್ವಾ?

ಷೆಂಗೆನ್‌ನಲ್ಲಿ ಈಗ 29 ದೇಶಗಳಿವೆ. ಸ್ವಿಟ್ಜರ್ಲೆಂಡ್, ನಾರ್ವೆ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೂ ಇದರಲ್ಲಿವೆ. ಐರ್ಲೆಂಡ್ ಒಕ್ಕೂಟದಲ್ಲಿದೆ, ಇದರಲ್ಲಿಲ್ಲ. ಜನ ತಪ್ಪು ತಿಳಿಯುವುದು ಸಹಜ. ದಿನದ ಲೆಕ್ಕದಲ್ಲೂ ಜಾಸ್ತಿ ಜನ ಎಡವುತ್ತಾರೆ. ಸ್ಟಿಕ್ಕರ್ ಮೇಲಿನ ಕೊನೆಯ ತಾರೀಕಿನವರೆಗೂ ಇರಬಹುದು ಅಂದುಕೊಳ್ಳುತ್ತಾರೆ, ಆದರೆ ಎಷ್ಟು ದಿನ ಅಂತ ಪಕ್ಕದಲ್ಲೇ ಬೇರೆ ಬರೆದಿರುತ್ತದೆ. ಬಂದ ದಿನ, ಹೊರಟ ದಿನ ಎರಡೂ ಅದಕ್ಕೆ ಸೇರುತ್ತವೆ. ಎಷ್ಟೇ ಸಲ ಬಂದುಹೋದರೂ ಯಾವುದೇ 180 ದಿನಗಳಲ್ಲಿ 90 ದಿನ ದಾಟುವಂತಿಲ್ಲ. ಇನ್ನು ಗಡಿಯಲ್ಲಿ ತಪಾಸಣೆ ಇಲ್ಲ ಅಂತ ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಪಕ್ಕದ ದೇಶಕ್ಕೆ ಹೋಗಬೇಡಿ. ಜರ್ಮನಿ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರು ಮಾಡಿತು.

ದೊಡ್ಡವರೊಬ್ಬರ ಅರ್ಜಿ ಶುಲ್ಕವೇ 90 ಯುರೋ. ಅದರ ಮೇಲೆ ಏಜೆಂಟರ ದುಡ್ಡು ಬೇರೆ. ಅಷ್ಟು ತೆಗೆದುಕೊಳ್ಳುವವರು ತುಂಬಿದ ಫಾರಂ ತೋರಿಸಿ, ಎಲ್ಲೆಲ್ಲಿ ಹೋಗಿ ಎಲ್ಲಿಗೆ ವಾಪಸ್ ಬರುತ್ತೀರಿ ಅಂತ ಕೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳಲಿ. ಹತ್ತು ನಿಮಿಷದ ಕೆಲಸ.

– ಒಬ್ಬ ಓದುಗ, ಮೈಸೂರು