ಮಗ್ಗುಲು ಬದಲಿಸಲು ಇಬ್ಬರು ಬೇಕು

ಮಾನ್ಯ ಸಂಪಾದಕರೇ,

ಆರೈಕೆ ಕೇಂದ್ರದಲ್ಲಿದ್ದ ತಮ್ಮ ತಾಯಿಗೆ ಬೆನ್ನ ಕೆಳಗೆ ಹುಣ್ಣಾದ ಬಗ್ಗೆ ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ‘ರಾತ್ರಿ ಆಯಾಗಳು ನಿದ್ದೆ ಮಾಡುತ್ತಾರೆ, ಅವರಿಗೆ ಕರುಣೆಯೇ ಇಲ್ಲ’ ಎಂಬ ಅವರ ಮಾತನ್ನು ಎರಡು ಸಲ ಓದಿದೆ. ನಾನು ಅಂಥದೇ ಒಬ್ಬ ಆಯಾ. ಮೈಸೂರಿನ ಹೊರವಲಯದ ಒಂದು ಕೇಂದ್ರದಲ್ಲಿ ಏಳು ವರ್ಷಗಳಿಂದ ದುಡಿಯುತ್ತಿದ್ದೇನೆ, ಹೆಚ್ಚಿನದೆಲ್ಲ ರಾತ್ರಿ ಪಾಳಿ. ಆ ತಾಯಿ ಇದ್ದದ್ದು ನಮ್ಮಲ್ಲಿ ಅಲ್ಲ. ಆದರೂ ಅವರು ವರ್ಣಿಸಿದ ಹುಣ್ಣು ನನಗೆ ಗೊತ್ತು. ಅಂಥದನ್ನು ಸಿಸ್ಟರ್ ತೊಳೆಯುವಾಗ ಒಳಗೆ ಮೂಳೆ ಕಂಡದ್ದನ್ನೂ ನೋಡಿದ್ದೇನೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ರಾತ್ರಿ ಒಳಗೆ ಏನು ನಡೆಯುತ್ತದೆ ಎಂಬುದು ಅವರಿಗೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಹಾಸಿಗೆ ಹಿಡಿದವರ ಭಾರವೆಲ್ಲ ಬೆನ್ನಿನ ಕೆಳತುದಿ, ಸೊಂಟದ ಪಕ್ಕದ ಮೂಳೆ, ಹಿಮ್ಮಡಿಗಳ ಮೇಲೆ ಬೀಳುತ್ತದೆ. ಅಲ್ಲಿ ಮೂಳೆಯ ಮೇಲೆ ಮಾಂಸ ಕಡಿಮೆ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಆ ಜಾಗಕ್ಕೆ ರಕ್ತ ಓಡುವುದಿಲ್ಲ, ಒದ್ದೆ ಡೈಪರ್ ಸೇರಿದರೆ ಚರ್ಮ ಇನ್ನೂ ಬೇಗ ಕೆಡುತ್ತದೆ. ಅದಕ್ಕಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ತರಬೇತಿಯಲ್ಲಿ ಕಲಿಸುತ್ತಾರೆ. ಸೊಂಟದಡಿ ಮಡಿಸಿ ಹಾಸಿದ ಬೆಡ್‌ಶೀಟಿನ ಅಂಚನ್ನು ಆಚೆ ಒಬ್ಬರು, ಈಚೆ ಒಬ್ಬರು ಸುತ್ತಿ ಹಿಡಿದು ಒಟ್ಟಿಗೆ ಎತ್ತಿ ಸರಿಸಬೇಕು. ಎಳೆಯಬಾರದು, ಎಳೆದರೆ ವಯಸ್ಸಾದವರ ತೆಳು ಚರ್ಮ ಹರಿದುಬಿಡುತ್ತದೆ. ಆಮೇಲೆ ಮೊಣಕಾಲು ಮಡಿಸಿ ಹೊರಳಿಸಿ, ಬೆನ್ನಿಗೊಂದು ದಿಂಬು, ಎರಡು ಮೊಣಕಾಲುಗಳ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು. ಮೂತ್ರದ ಚೀಲವನ್ನು ಈ ಬದಿಗೆ ತಂದು ತಗ್ಗಿನಲ್ಲಿ ತೂಗುಹಾಕಬೇಕು. ಮೂಗಿನ ನಳಿಕೆಯಲ್ಲಿ ಗಂಜಿ ಹಾಕಿದವರಿಗಾದರೆ ಅರ್ಧ ಗಂಟೆಯಾದರೂ ತಲೆಯ ಕಡೆ ಎತ್ತರಿಸಿಯೇ ಇಟ್ಟಿರಬೇಕು, ಇಲ್ಲದಿದ್ದರೆ ಗಂಜಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯ. ಕೈಜೋಡಿಸುವ ಇಬ್ಬರಿದ್ದರೆ ಇಷ್ಟಕ್ಕೆಲ್ಲ ಆರೇಳು ನಿಮಿಷ ಸಾಕು.

ನಮ್ಮಲ್ಲಿ 24 ಮಂದಿ ಹಿರಿಯರಿದ್ದಾರೆ. ಅವರಲ್ಲಿ 9 ಮಂದಿ ತಾವಾಗಿ ಹೊರಳಲಾರರು. ಹಗಲು ನಾಲ್ವರು ಆಯಾಗಳು, ಇಬ್ಬರು ಸಿಸ್ಟರ್‌ಗಳು. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ನಾನೊಬ್ಬಳು. ಸಿಸ್ಟರ್ ಫೋನಿನಲ್ಲಿ ಸಿಗುತ್ತಾರೆ. ಒಬ್ಬಳೇ ಮಾಡಿದರೆ ಒಬ್ಬರಿಗೆ ಹನ್ನೆರಡು ನಿಮಿಷ ಹಿಡಿಯುತ್ತದೆ. ಒಂಬತ್ತು ಮಂದಿಗೆ 108 ನಿಮಿಷ. 120 ನಿಮಿಷ ಮುಗಿಯುವಷ್ಟರಲ್ಲಿ ಮೊದಲ ಹಾಸಿಗೆಗೆ ಮತ್ತೆ ಬರಬೇಕು. ನಡುವೆ ಉಳಿಯುವ ಹನ್ನೆರಡು ನಿಮಿಷದಲ್ಲಿ ಮಿಕ್ಕ ಹದಿನೈದು ಮಂದಿ ಇದ್ದಾರೆ: ಶೌಚಕ್ಕೆ ಕೈ ಹಿಡಿದು ಕರೆದೊಯ್ಯಬೇಕಾದವರು, ಸಕ್ಕರೆ ಇಳಿದು ಬೆವರುವವರು, ಚೀಲ ಕಟ್ಟಿಕೊಂಡು ‘ಊರಿಗೆ ಹೊರಟೆ’ ಎಂದು ಬಾಗಿಲ ಚಿಲಕ ಎಳೆಯುವವರು.

ಹಾಸಿಗೆಯ ಕಾಲ ಬಳಿ ಒಂದು ಪಟ್ಟಿ ತೂಗಿಸಿರುತ್ತಾರೆ. ಪ್ರತಿ ಎರಡು ಗಂಟೆಗೊಂದು ಚೌಕ, ಮಗ್ಗುಲು ಬದಲಿಸಿದಾಗ ಅದರಲ್ಲಿ ಸರಿ ಗುರುತು ಹಾಕಬೇಕು. ಹೊರಳಿಸದೆಯೂ ನಾನು ಗುರುತು ಹಾಕಿದ್ದೇನೆ. ಕಳೆದ ಮಳೆಗಾಲದ ಒಂದು ರಾತ್ರಿ ಅಜ್ಜರೊಬ್ಬರು ಬಚ್ಚಲಿನಲ್ಲಿ ಬಿದ್ದರು. ಅವರ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಆಂಬುಲೆನ್ಸ್‌ಗೆ ಕಾದು, ಅವರನ್ನು ಕಳುಹಿಸಿ ಒಳಗೆ ಬರುವಾಗ 12 ಗಂಟೆಯ ಸುತ್ತೂ 2 ಗಂಟೆಯ ಸುತ್ತೂ ತಪ್ಪಿಹೋಗಿದ್ದವು. ಬೆಳಿಗ್ಗೆ ಕೇಂದ್ರದವರು ‘ಖಾಲಿ ಬಿಡಬೇಡ, ತುಂಬಿಸಿ ಹೋಗು’ ಎಂದರು. ತುಂಬಿಸಿದೆ, ಹದಿನೆಂಟು ಗುರುತು. ಐದಾರು ದಿನದಲ್ಲಿ ಒಬ್ಬ ಅಜ್ಜಿಯ ಹಿಮ್ಮಡಿ ಕಪ್ಪಾಯಿತು. ಆ ಒಂದು ರಾತ್ರಿಯಿಂದಲೇ ಆಯಿತೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಅವರ ಮಗ ಬಂದು ಕೇಳಿದಾಗ ಪಟ್ಟಿ ತೋರಿಸಿದರು. ಪಟ್ಟಿಯಲ್ಲಿ ಒಂದು ಚೌಕವೂ ತಪ್ಪಿರಲಿಲ್ಲ. ನೀರಿನ ಜಗ್ ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ತೆರೆಯಲಿಲ್ಲ. ಇಂದು ಪತ್ರಿಕೆಗೆ ಬರೆಯುವ ಧೈರ್ಯ ಅಂದು ಎರಡಡಿ ದೂರದಲ್ಲಿದ್ದ ಆ ಮಗನಿಗೆ ಹೇಳಲು ಇರಲಿಲ್ಲ.

ಇನ್ನು ಕರುಣೆಯ ಮಾತು. ನಮ್ಮಲ್ಲೊಬ್ಬರು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ಟೀಚರಮ್ಮ ಇದ್ದಾರೆ. ಮರೆವಿನ ಕಾಯಿಲೆ. ನಡುರಾತ್ರಿ ಕಣ್ಣು ಬಿಟ್ಟು ‘ಗಂಟೆ ಹೊಡೆಯಿತೇ?’ ಎಂದು ಕೇಳುತ್ತಾರೆ. ‘ಇಲ್ಲ ಟೀಚರಮ್ಮ, ಮಕ್ಕಳು ಇನ್ನೂ ಬಂದಿಲ್ಲ, ಸ್ವಲ್ಪ ಈ ಕಡೆ ತಿರುಗೋಣ’ ಎಂದು ಹೇಳಿ, ಅವರು ಹೂಂ ಎನ್ನುವವರೆಗೆ ಕಾದು ಮುಟ್ಟಿದರೆ ಮಗುವಿನಂತೆ ತಿರುಗುತ್ತಾರೆ. ಹೇಳದೆ ಮುಟ್ಟಿದರೆ ಯಾರೋ ಕತ್ತಲಲ್ಲಿ ಮೈಮೇಲೆ ಬಿದ್ದಂತೆ ಬೆದರಿ ಮಂಚದ ಸರಳು ಹಿಡಿದು ಕಿರುಚುತ್ತಾರೆ, ಪರಚುತ್ತಾರೆ. ನನ್ನ ಮುಂಗೈಯಲ್ಲಿ ಅವರ ಉಗುರಿನ ಗೀರುಗಳಿವೆ. ಹೇಳಿ, ಕಾದು, ಮುಟ್ಟುವುದಕ್ಕೆ ಮೂರು ನಿಮಿಷ ಹೆಚ್ಚು ಬೇಕು. ಆ ಮೂರು ನಿಮಿಷ ಇಲ್ಲದ ರಾತ್ರಿ ನನ್ನ ಕೈ ಒರಟಾಗುತ್ತದೆ. ಆಗ ಯಾರಾದರೂ ಕಿಟಕಿಯಿಂದ ನೋಡಿದ್ದರೆ ನನಗೆ ಕರುಣೆ ಇಲ್ಲವೆಂದೇ ಬರೆಯುತ್ತಿದ್ದರು.

ಇನ್ನೊಬ್ಬ ಆಯಾ ಏಕೆ ಇಲ್ಲ ಎಂದರೆ, ಬಂದವರು ನಿಲ್ಲುವುದಿಲ್ಲ. ಒಂದೇ ವರ್ಷದಲ್ಲಿ ಮೂವರು ಹೆಣ್ಣುಮಕ್ಕಳು ಬಿಟ್ಟು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋದರು. ಅಲ್ಲಿ ಭಾನುವಾರ ರಜೆ ಇದೆ, ಪಿಎಫ್ ಇದೆ.

ಕಾನೂನು ಏನು ಹೇಳುತ್ತದೆಂದು ನಮ್ಮಲ್ಲೇ ಇರುವ ನಿವೃತ್ತ ಶಿರಸ್ತೇದಾರರನ್ನು ಕೇಳಿದೆ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯನ್ನು ಮೊಬೈಲಿನಲ್ಲಿ ತೆಗೆದು 19ನೇ ಕಲಂ ಓದಿ ಅರ್ಥ ಹೇಳಿದರು. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ಬಡ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು, ಅಲ್ಲಿನ ಸೇವೆಯ ಮಟ್ಟವನ್ನೂ ನಿಗದಿಪಡಿಸಬಹುದು. ‘ಬಹುದು ಎಂದಿದೆ ತಾಯಿ, ತಕ್ಕದ್ದು ಎಂದಿಲ್ಲ’ ಎಂದು ಕನ್ನಡಕ ತೆಗೆದರು. ಜೀವನವೆಲ್ಲ ಕೋರ್ಟಿನ ಕಾಗದ ನೋಡಿದವರು, ಆ ಎರಡು ಪದಗಳ ನಡುವಿನ ಅಂತರ ಅವರಿಗೆ ಗೊತ್ತು: ಕಾನೂನಿನ ಭಾಷೆಯಲ್ಲಿ ‘ತಕ್ಕದ್ದು’ ಎಂದರೆ ಮಾಡಲೇಬೇಕು. ಹಿರಿಯರ ಸಹಾಯವಾಣಿ 14567 ಇದೆ, ಒಳ್ಳೆಯ ಸೌಕರ್ಯ. ಆದರೆ ಅದು ಕೆಲಸ ಮಾಡುವುದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ನನ್ನ ಪಾಳಿ ಶುರುವಾಗುವುದೇ ಆಗ.

2011ರ ಜನಗಣತಿಯ ಹೊತ್ತಿಗೇ ನಮ್ಮ ರಾಜ್ಯದಲ್ಲಿ ನೂರಕ್ಕೆ ಒಂಬತ್ತೂವರೆ ಮಂದಿ 60 ದಾಟಿದವರಿದ್ದರು. ಇಂಥ ಕೇಂದ್ರಗಳು ಇನ್ನೂ ಬರುತ್ತವೆ. ನಡೆಸುವವರು ಸರ್ಕಾರವಾಗಲಿ, ಖಾಸಗಿಯವರಾಗಲಿ, ಹೊರಳಲಾರದವರು ಇರುವ ಕಡೆ ರಾತ್ರಿ ಪಾಳಿಯಲ್ಲಿ ಇಬ್ಬರಿಗಿಂತ ಕಡಿಮೆ ಇರಕೂಡದು ಎಂದು ರಾಜ್ಯ ಸರ್ಕಾರ ನಿಯಮ ಮಾಡಲಿ. ಅದರಲ್ಲಿ ‘ತಕ್ಕದ್ದು’ ಎಂಬ ಪದ ಇರಲಿ. ತಪಾಸಣೆಗೆ ಬರುವವರು ರಾತ್ರಿ 2 ಗಂಟೆಗೆ ಬರಲಿ, ಪಟ್ಟಿಯನ್ನು ಬದಿಗಿಟ್ಟು ಹೊದಿಕೆ ಸರಿಸಿ ಹಿಮ್ಮಡಿ ನೋಡಲಿ.

ಅಪ್ಪ ಅಮ್ಮನನ್ನು ಇಂಥ ಕಡೆ ಬಿಟ್ಟಿರುವ ಮಕ್ಕಳಿಗೂ ಒಂದೆರಡು ಮಾತು. ಸೇರಿಸುವ ದಿನ ಟಿವಿ, ತೋಟ, ಊಟದ ಪಟ್ಟಿ ನೋಡುತ್ತೀರಿ. ರಾತ್ರಿ ಎಷ್ಟು ಮಂದಿ ಕೆಲಸದಲ್ಲಿರುತ್ತಾರೆ ಎಂದು ಏಳು ವರ್ಷದಲ್ಲಿ ಒಬ್ಬರೂ ಕೇಳಿದ್ದನ್ನು ನಾನು ಕಂಡಿಲ್ಲ, ದಯವಿಟ್ಟು ಕೇಳಿ. ಏರ್ ಬೆಡ್ ತಂದುಕೊಟ್ಟರೆ ಒಳ್ಳೆಯದೇ, ಆದರೆ ಅದರ ಮೇಲೆ ಮಲಗಿದವರನ್ನೂ ಹೊರಳಿಸಲೇಬೇಕು. ಬಂದಾಗ ಸಾಕ್ಸ್ ಕಳಚಿ ಹಿಮ್ಮಡಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಣ್ಣ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಆರಂಭ. ನಮ್ಮ ಕಪ್ಪು ಮೈಯಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ, ಆಗ ಅಂಗೈ ಇಟ್ಟು ನೋಡಿ, ಸುತ್ತಲಿಗಿಂತ ಬಿಸಿಯಾಗಿಯೋ ಗಟ್ಟಿಯಾಗಿಯೋ ಇರುತ್ತದೆ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ. ಅವತ್ತೇ ಸಿಸ್ಟರ್‌ಗೆ ತೋರಿಸಿ, ರಾತ್ರಿ ಪಾಳಿಗೆ ಬರುವ ನಮ್ಮಂಥವರಿಗೂ ಒಂದು ಮಾತು ಹೇಳಿ ಹೋಗಿ. ಆ ಬದಿಗೆ ಅವರನ್ನು ಮಲಗಿಸದಂತೆ ನಾವು ನೋಡಿಕೊಳ್ಳುತ್ತೇವೆ.

(ಕೆಲಸ ಹೋಗುವ ಭಯದಿಂದ ಹೆಸರು ಪ್ರಕಟಿಸಬಾರದೆಂದು ಕೋರುತ್ತೇನೆ.)

– ಒಬ್ಬ ಆಯಾ, ಮೈಸೂರು