ಮನಸ್ಸು ಬರಲಿ ಅಂತ ಕಾಯಬೇಡ

ವಿಜಯಪುರ

ಚಿ. ಮಲ್ಲೂಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಪುಸ್ತಕ ಹಿಡಿದರೆ ಓದೋ ಮನಸ್ಸೇ ಬರೋದಿಲ್ಲ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೇ ಈ ಪತ್ರ. ಎಸ್ಸೆಸ್ಸೆಲ್ಸಿ ಹುಡುಗರಿಗೆ ಇದೇನು ಹೊಸ ರೋಗ ಅಲ್ಲ ಬಿಡು. ಆದರೆ ಮೊದಲು ಮನಸ್ಸು ಬರಬೇಕು, ಓದು ಆಮೇಲೆ ಅಂತ ಕಾಯುತ್ತಾ ಕೂತರೆ ಕೆಲಸ ಆಗೋದಿಲ್ಲ. ಒಂದು ಲೆಕ್ಕ ಕೈಗೆ ಹತ್ತಿದರೆ ಮುಂದಿನದಕ್ಕೆ ಮನಸ್ಸು ತಾನೇ ಬರುತ್ತದೆ. ಸಂಜೆ ಕೂತಾಗ ಇಡೀ ಪಾಠ ಮುಗಿಸುತ್ತೇನೆ ಅಂತ ಹಟ ಬೇಡ. ಒಂದೇ ಲೆಕ್ಕ. ಬಿಡಿಸಿದ ಉದಾಹರಣೆ ನೋಡು, ಪುಸ್ತಕ ಮುಚ್ಚು, ಅದನ್ನೇ ನೀನು ಬಿಡಿಸು. ಯಾವ ಸಾಲಿನಲ್ಲಿ ಸಿಕ್ಕಿಬಿದ್ದೆ ಅಂತ ಗೊತ್ತಾಗುತ್ತದೆ. ಸುಮ್ನೆ ಓದುತ್ತಾ ಹೋದರೆ ಎಲ್ಲಾ ಬಂದ ಹಾಗೇ ಅನಿಸುತ್ತದೆ, ಪ್ರಶ್ನೆಪತ್ರಿಕೆ ಕೈಗೆ ಬರುವ ತನಕ.

ತೊಂಬತ್ತು ಪರ್ಸೆಂಟ್ ತೆಗೆದರೆ ಮೊಬೈಲ್ ಕೊಡಿಸ್ತೀನಿ ಅಂದಿದ್ದಾನಂತೆ ನಿಮ್ಮಪ್ಪ. ಕೊಡಿಸಿದರೆ ತಗೋ. ಅದಕ್ಕಾಗಿ ಮಾತ್ರ ಓದಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಕಾಲೇಜು ವಿದ್ಯಾರ್ಥಿಗಳಿಗೆ ತುಂಡು ಜೋಡಿಸುವ ಒಗಟು ಕೊಟ್ಟು, ಕೆಲವರಿಗೆ ಬಿಡಿಸಿದ್ದಕ್ಕೆ ದುಡ್ಡು ಕೊಟ್ಟರು. ಆಮೇಲೆ ದುಡ್ಡು ನಿಲ್ಲಿಸಿದಾಗ, ಅವರು ಬಿಡುವಿನ ಹೊತ್ತಿನಲ್ಲಿ ಆ ಒಗಟು ಮುಟ್ಟುವುದೇ ಮೊದಲಿಗಿಂತ ಕಡಿಮೆಯಾಯಿತು. (ಇದನ್ನು ನಿಮ್ಮಪ್ಪನಿಗೆ ಓದಿ ಹೇಳಬೇಡ ಮತ್ತೆ, ಮೊಬೈಲ್ ಹೋದೀತು!)

ತ್ರಿಕೋನಮಿತಿ ಯಾಕೆ ಬೇಕು ಅಂತ ಕೇಳಿದೆಯಲ್ಲ, ಆ ಪ್ರಶ್ನೆ ನನಗೆ ಜಾಸ್ತಿ ಹಿಡಿಸಿತು. ರವಿವಾರ ಬಾಗೇವಾಡಿಯಿಂದ ಬೆಳಗಿನ ಬಸ್ ಹತ್ತಿ ಬಾ, ಗೋಳಗುಮ್ಮಟಕ್ಕೆ ಹೋಗೋಣ. ಕಂಪಾಸ್ ಬಾಕ್ಸಿನ ಕೋನಮಾಪಕ ತಾ. ಅದರ ನಡುವಿನ ತೂತಿಗೆ ದಾರ ಕಟ್ಟಿ, ತುದಿಗೆ ಸಣ್ಣ ಕಲ್ಲು ಬಿಗಿ. ನೇರ ಅಂಚು ಮೇಲೆ ಬರುವಂತೆ ತಿರುವಿ ಹಿಡಿದು, ಆ ಅಂಚಿನ ಗುಂಟ ಮೂಲೆಯ ಏಳಂತಸ್ತಿನ ಮಿನಾರಿನ ತುದಿ ನೋಡು. ಹಿಂದೆ ಮುಂದೆ ಸರಿಯುತ್ತಾ ದಾರ 45ರ ಗೆರೆಗೆ ಬರುವ ಕಡೆ ನಿಲ್ಲು. ಅಲ್ಲಿಂದ ಮಿನಾರಿನ ಬುಡದ ತನಕ ಎಷ್ಟು ದೂರವೋ, ನಿನ್ನ ಕಣ್ಣಿನ ಮಟ್ಟದಿಂದ ಮೇಲಕ್ಕೆ ಅಷ್ಟೇ ಎತ್ತರ. ಯಾಕೆ ಅಂತ ನಾನು ಹೇಳೋದಿಲ್ಲ, ನೀನೇ ಚಿತ್ರ ಬರೆದು ನನಗೆ ತೋರಿಸಬೇಕು. ಆಮೇಲೆ ಇನ್ನಷ್ಟು ಹಿಂದೆ ಹೋಗಿ, ಮಿನಾರಿನ ತುದಿ ಕಣ್ಣಿನ ಮಟ್ಟದಿಂದ 30 ಡಿಗ್ರಿ ಮೇಲೆ ಕಾಣುವ ಕಡೆಯಿಂದ ಅಳೆಯೋಣ, ಎರಡೂ ಉತ್ತರ ಹೊಂದುತ್ತವೋ ನೋಡೋಣ. ಅಲ್ಲಿಂದ ನೋಡುವಾಗ ದಾರ 30ಕ್ಕೆ ಬರದೆ 60ರ ಗೆರೆಗೆ ಯಾಕೆ ಹೋಗುತ್ತದೆ ಅಂತಾನೂ ಯೋಚಿಸಿಕೊಂಡು ಬಾ.

ಅಳತೆ ಟೇಪು ನಾನು ತರುತ್ತೇನೆ. ದೊಡ್ಡಮ್ಮ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡ್ತಾಳಂತೆ.

ನಿನ್ನ ದೊಡ್ಡಪ್ಪ