ಪಾತ್ರೆ ಅಂಗಡಿಯಲ್ಲಿ ಸಿಕ್ಕ ಹಿರಿಯರಿಗೆ

ಮೈಸೂರಿನ ಪಾತ್ರೆ ಅಂಗಡಿಯಲ್ಲಿ ಮೊನ್ನೆ ಸಿಕ್ಕಿದ್ದ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ಬಸ್ ಹತ್ತಿಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಬ್ಬಳೇ ಇರುವವಳಿಗೆ ಅಮ್ಮನ ಕಾಲದ ಹಂಡೆ, ಕೊಳಗ, ಮದುವೆಮನೆಗಾಗುವಷ್ಟು ದೊಡ್ಡ ತಪ್ಪಲೆ ಯಾಕೆ, ಅಲ್ವಾ? ಮಾರಿಬಿಡೋಣ ಅಂತ ತಂದಿದ್ದೆ. ಅಂಗಡಿಯವರು ಎಲ್ಲವನ್ನೂ ಒಟ್ಟಿಗೇ ತಕ್ಕಡಿಗೆ ಏರಿಸಲು ಹೊರಟಾಗ ನೀವು ತಡೆದಿರಿ. "ತಾಮ್ರ ಬೇರೆ, ಹಿತ್ತಾಳೆ ಬೇರೆ ತೂಗಿಸಮ್ಮ, ತಾಮ್ರಕ್ಕೆ ರೇಟು ಜಾಸ್ತಿ" ಅಂದಿರಿ. ಹಂಡೆಯ ತಳದ ಮಸಿಯನ್ನು ಬೀಗದ ಕೈಯಿಂದ ಕೆರೆದು ಕೆಂಪು ಬಣ್ಣ ತೋರಿಸಿದಿರಿ. ನನಗಂತೂ ಎರಡೂ ಒಂದೇ ಥರ ಕಪ್ಪಗೆ ಕಂಡಿದ್ದವು!

ಚಿಕ್ಕ ಹಿತ್ತಾಳೆ ಪಾತ್ರೆಯ ಕಂಠದಲ್ಲಿ ಚುಕ್ಕಿಚುಕ್ಕಿಯಾಗಿ ಕೆತ್ತಿದ್ದ ಅಜ್ಜಿಯ ಹೆಸರು ಓದಿ, ಅದನ್ನು ಸುಮ್ನೆ ನನ್ನ ಚೀಲಕ್ಕೇ ವಾಪಸ್ ಹಾಕಿದಿರಿ. "ಒಳಗೆ ತವರದ ಕಲಾಯಿ ಹಾಕಿಸಿ, ಹುಳಿ ಸಾರಿಗೂ ಆಗುತ್ತೆ" ಅಂದಿರಿ.

ಹಾಕಿಸಿದ್ದೇನೆ. ದೊಡ್ಡ ತಪ್ಪಲೆ ದೇವಸ್ಥಾನದ ಅಡುಗೆಮನೆಗೆ ಹೋಯಿತು. ತುಂಬಾ ಥ್ಯಾಂಕ್ಸ್.